ರಿಕ್ವೆಸ್ಟ್ ಒಳಗೆ ಎಸ್‌ಕ್ಯೂಎಲ್ ಕಂಡರೆ ಆ ಆ್ಯಪ್ ಒಪ್ಪಿಕೊಳ್ಳಬೇಡಿ

ಹೊರಗಿನವರಿಂದ ವೆಬ್ ಆ್ಯಪ್ ಬರೆಸುತ್ತಿದ್ದೀರಾ? ಕೊನೆಯ ಕಂತು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಆ್ಯಪ್ ಅನ್ನು ಬ್ರೌಸರ್‌ನಲ್ಲಿ ತೆರೆದು ಎಫ್12 ಒತ್ತಿ, ಡೆವಲಪರ್ ಸಲಕರಣೆಗಳು ತೆರೆಯುತ್ತವೆ. ನೆಟ್‌ವರ್ಕ್ ಟ್ಯಾಬ್ ಇಟ್ಟುಕೊಂಡು ನಾಲ್ಕಾರು ಬಟನ್ ಕ್ಲಿಕ್ ಮಾಡಿ. ಹೊರಗೆ ಹೋಗುವ ರಿಕ್ವೆಸ್ಟ್ (ಬ್ರೌಸರ್ ಸರ್ವರ್‌ಗೆ ಕಳಿಸುವ ಕೋರಿಕೆ) ಒಳಗೆ ಸೆಲೆಕ್ಟ್, ಫ್ರಮ್, ವೇರ್ ಅಂತ ಕಂಡರೆ ಹಣ ಕೊಡಬೇಡಿ. ಅವು ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆಯಾದ ಎಸ್‌ಕ್ಯೂಎಲ್‌ನ ಪದಗಳು.

ನಮ್ಮ ಆಫೀಸಿಗೆ ಒಂದು ಕಂಪನಿ ಬರೆದುಕೊಟ್ಟ ಆ್ಯಪ್ ಇಂಥದ್ದೇ. ಡೆಮೊ ಚೆನ್ನಾಗಿತ್ತು, ಪುಟಗಳು ಪಟಪಟ ತೆರೆಯುತ್ತಿದ್ದವು. ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ನಾವು ಬಳಸುವ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಜೊತೆ ನೇರವಾಗಿ ಮಾತಾಡಲು ಬರುವುದಿಲ್ಲ. ಡೇಟಾಬೇಸ್ 5432ನೇ ಪೋರ್ಟ್‌ನಲ್ಲಿ ತನ್ನದೇ ಪ್ರೋಟೊಕಾಲ್ ಹಿಡಿದು ಕೂತಿರುತ್ತದೆ. ಹಾಗಾಗಿ ನಡುವೆ ಒಂದು ಸರ್ವರ್ ಪ್ರೋಗ್ರಾಂ ಬೇಕೇ ಬೇಕು. ಇವರೂ ಇಟ್ಟಿದ್ದರು. ಆದರೆ ಬ್ರೌಸರ್ ಕಳಿಸಿದ ಎಸ್‌ಕ್ಯೂಎಲ್ ಅನ್ನು ಹಾಗೇ ಓಡಿಸಿ, ಬಂದದ್ದನ್ನು ಜೇಸನ್ (ಬ್ರೌಸರ್ ಓದಬಲ್ಲ ಪಠ್ಯ ರೂಪ) ಮಾಡಿ ವಾಪಸ್ ಕೊಡುವುದಷ್ಟೇ ಅದರ ಕೆಲಸ.

ಆರ್ಡರ್ ಪಟ್ಟಿಯ ಒಂದು ರಿಕ್ವೆಸ್ಟ್ ಕಾಪಿ ಮಾಡಿದೆವು. ಕೊನೆಯಲ್ಲಿ 'ವೇರ್ ಯೂಸರ್‌ಐಡಿ = 42' ಅಂತ ಇತ್ತು, ಅಂದರೆ 42ನೇ ಯೂಸರ್‌ನ ಆರ್ಡರ್ ಮಾತ್ರ ಕೊಡು ಅಂತ. ಅಷ್ಟನ್ನು ಅಳಿಸಿ, ಎಫ್12 ಒತ್ತಿದಾಗ ಸಿಗುವ ಕನ್ಸೋಲ್‌ನಿಂದ ಮತ್ತೆ ಕಳಿಸಿದೆವು. ಎಲ್ಲ ಗ್ರಾಹಕರ ಆರ್ಡರೂ ಬಂತು, ವಿಳಾಸ, ಫೋನ್ ನಂಬರ್ ಸಮೇತ. ಕಂಪನಿಯವರನ್ನು ಕೇಳಿದರೆ, "ಸಾಮಾನ್ಯ ಯೂಸರ್‌ಗೆ ಅದೆಲ್ಲ ಕಾಣಲ್ಲ ಸರ್" ಎಂದರು. ಕದಿಯಲು ಬರುವವನು ಸಾಮಾನ್ಯ ಯೂಸರ್ ಆಗಿರುತ್ತಾನಾ? ಪ್ಯಾರಾಮೀಟರ್ ಬಳಸಿದ್ದೇವೆ (ಮೌಲ್ಯಗಳನ್ನು ಕ್ವೆರಿಯಿಂದ, ಅಂದರೆ ಎಸ್‌ಕ್ಯೂಎಲ್ ಆದೇಶದಿಂದ, ಬೇರೆಯಾಗಿ ಕಳಿಸುವುದು), ಇಂಜೆಕ್ಷನ್ (ಕ್ವೆರಿಯೊಳಗೆ ಹೊರಗಿನವರು ತಮ್ಮ ತುಣುಕು ತೂರಿಸುವುದು) ಆಗಲ್ಲ ಅಂತಲೂ ಹೇಳಿದರು. ಇಡೀ ಕ್ವೆರಿಯೇ ಹೊರಗಿನಿಂದ ಬರುವಾಗ ಇಂಜೆಕ್ಷನ್ ಮಾಡುವ ಶ್ರಮ ಯಾರಿಗೆ ಬೇಕು!

ಇನ್ನೊಂದು ತಪ್ಪು ಆ್ಯಪ್ ಲೈವ್ ಆದ ಮೇಲೆ ಗೊತ್ತಾಯಿತು. ಜನ ಜಾಸ್ತಿ ಬಂದ ಹೊತ್ತಿನಲ್ಲಿ ಪುಟಗಳು ತಿರುಗುತ್ತಲೇ ನಿಂತವು. ಲಾಗ್‌ನಲ್ಲಿ 'ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ' ಎಂಬ ಸಾಲು ಸಾಲುಸಾಲಾಗಿ. ಪೋಸ್ಟ್‌ಗ್ರೆಸ್ ಡೀಫಾಲ್ಟ್ ಆಗಿ ಕೊಡುವುದು 100 ಕನೆಕ್ಷನ್. ಒಂದೊಂದು ಕನೆಕ್ಷನ್‌ಗೂ ಒಂದು ಪ್ರತ್ಯೇಕ ಪ್ರೊಸೆಸ್ ಏಳುತ್ತದೆ, ಹಾಗಾಗಿ ಸುಮ್ನೆ ಮಿತಿ ಏರಿಸಿಕೊಂಡು ಹೋಗುವುದು ಪರಿಹಾರವಲ್ಲ. ಇವರ ಕೋಡ್ ಪ್ರತಿ ರಿಕ್ವೆಸ್ಟ್‌ಗೂ ಹೊಸ ಕನೆಕ್ಷನ್ ತೆರೆಯುತ್ತಿತ್ತು. ಕ್ವೆರಿ ಸರಿಯಾಗಿ ಮುಗಿದರೆ ಮುಚ್ಚುತ್ತಿತ್ತು. ಎರರ್ ಬಂದರೆ ಮುಚ್ಚುವ ಸಾಲಿಗೆ ತಲುಪುತ್ತಲೇ ಇರಲಿಲ್ಲ. ಎರರ್ ಬಂದರೂ ಬರದಿದ್ದರೂ ಓಡುವ 'ಫೈನಲಿ' ಬ್ಲಾಕ್‌ನಲ್ಲಿ ಹಾಕಬೇಕಿದ್ದ ಒಂದು ಸಾಲು ಅದು.

ಸರಿ, ಒಳಗೆ ಹೋಗಿ ಸತ್ತ ಕನೆಕ್ಷನ್‌ಗಳನ್ನು ಕಿತ್ತುಹಾಕೋಣ ಅಂದರೆ ನಮಗೂ ಪ್ರವೇಶ ಇಲ್ಲ! ಇಂಥ ಹೊತ್ತಿಗೆಂದೇ ಪೋಸ್ಟ್‌ಗ್ರೆಸ್ 3 ಕನೆಕ್ಷನ್‌ಗಳನ್ನು ಎಲ್ಲ ಅಧಿಕಾರ ಇರುವ ಸೂಪರ್‌ಯೂಸರ್‌ಗೆ ಮೀಸಲಿಟ್ಟಿರುತ್ತದೆ. ಆದರೆ ಆ್ಯಪ್ ಲಾಗಿನ್ ಆಗುತ್ತಿದ್ದದ್ದೇ 'ಪೋಸ್ಟ್‌ಗ್ರೆಸ್' ಎಂಬ ಸೂಪರ್‌ಯೂಸರ್ ಹೆಸರಿನಲ್ಲಿ. ಆ ಮೂರನ್ನೂ ಅದೇ ನುಂಗಿತ್ತು. ಆ್ಯಪ್ ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ.

ಸೂಪರ್‌ಯೂಸರ್ ಅಂದರೆ ಟೇಬಲ್ ಓದುವುದಷ್ಟೇ ಅಲ್ಲ. 9.3ನೇ ಆವೃತ್ತಿಯಿಂದ ಈಚೆಗೆ 'ಕಾಪಿ' ಆದೇಶಕ್ಕೆ 'ಪ್ರೋಗ್ರಾಂ' ಎಂದು ಸೇರಿಸಿದರೆ ಸರ್ವರ್ ಯಂತ್ರದ ಮೇಲೇ ಕಮಾಂಡ್ ಓಡಿಸಬಹುದು. ಅಂದರೆ ಬ್ರೌಸರ್ ಕನ್ಸೋಲ್‌ನಲ್ಲಿ ಕೂತವನಿಗೆ ನಮ್ಮ ಡೇಟಾಬೇಸ್ ಸರ್ವರ್‌ನ ಶೆಲ್ (ಯಂತ್ರಕ್ಕೆ ನೇರವಾಗಿ ಕಮಾಂಡ್ ಕೊಡುವ ಜಾಗ) ಸಿಕ್ಕಂತೆ. ಇದನ್ನು ತೋರಿಸಿದ ಮೇಲೆ ಕಂಪನಿಯವರು 'ರೋ ಲೆವೆಲ್ ಸೆಕ್ಯೂರಿಟಿ' ಹಾಕಿಕೊಡುತ್ತೇವೆ ಎಂದರು, ಅದೂ ಬೇರೆ ಬಿಲ್‌ನಲ್ಲಿ. ಯಾರು ಯಾವ ಸಾಲು ನೋಡಬಹುದು ಎಂದು ಡೇಟಾಬೇಸ್‌ನಲ್ಲೇ ಬರೆದಿಡುವ ಈ ಸೌಲಭ್ಯ 9.5ರಿಂದ ಇದೆ, ಒಳ್ಳೆಯದೇ. ಡೇಟಾಬೇಸನ್ನೇ ನೇರವಾಗಿ ವೆಬ್ ಎಪಿಐ ಆಗಿ ತೆರೆದಿಡುವ ಪೋಸ್ಟ್‌ಗ್ರೆಸ್ಟ್‌ನಂಥ ಸಲಕರಣೆ ಬಳಸುವವರು ಅದನ್ನೇ ನೆಚ್ಚಿಕೊಳ್ಳುತ್ತಾರೆ. ಆದರೆ ಸೂಪರ್‌ಯೂಸರ್‌ಗೆ ಆ ನಿಯಮ ಲೆಕ್ಕಕ್ಕೇ ಇಲ್ಲ. ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಕೊನೆಗೆ ಬೇರೆಯವರ ಕೈಲಿ ಆ ಸರ್ವರ್ ಭಾಗವನ್ನೇ ಹೊಸದಾಗಿ ಬರೆಸಿದೆವು. ಈಗ ಬ್ರೌಸರ್ 'ನನ್ನ ಆರ್ಡರ್ ಕೊಡು' ಅಂತಷ್ಟೇ ಕೇಳುತ್ತದೆ. ಯಾರ ಆರ್ಡರ್ ಎಂಬುದನ್ನು ಸರ್ವರ್ ಸೆಷನ್ (ಯಾರು ಲಾಗಿನ್ ಆಗಿದ್ದಾರೆಂಬ ದಾಖಲೆ) ನೋಡಿ ತೀರ್ಮಾನಿಸುತ್ತದೆ. ಕನೆಕ್ಷನ್‌ಗಳಿಗೆ ಪೂಲ್ ಇದೆ, ಅಂದರೆ ಕೆಲವನ್ನು ತೆರೆದಿಟ್ಟುಕೊಂಡು ಮತ್ತೆ ಮತ್ತೆ ಬಳಸುವುದು. ಪೂಲ್ ಇಡುವಾಗ ಗುಣಾಕಾರ ಮರೆಯಬೇಡಿ: ಒಂದೊಂದು ಸರ್ವರ್ ಪ್ರೊಸೆಸ್‌ನ ಪೂಲ್‌ಗೆ 10 ಕನೆಕ್ಷನ್, ಅಂಥ ಪ್ರೊಸೆಸ್ 12 ಆದರೆ 120 ಆಯಿತು, ಮಿತಿ ದಾಟಿತು. ಆ್ಯಪ್‌ಗೆ ಬೇರೆ ಯೂಸರ್ ಮಾಡಿ, ಬೇಕಾದ ಟೇಬಲ್‌ಗಳ ಮೇಲೆ ಮಾತ್ರ ಅನುಮತಿ ಕೊಟ್ಟಿದ್ದೇವೆ. ಹಳೆಯ ಪಾಸ್‌ವರ್ಡ್ ಬದಲಾಯಿಸಿದ್ದೇವೆ.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಮಗಿಂತ ಮುಂಚೆ ಯಾರಾದರೂ ಆ 'ವೇರ್' ಅಳಿಸಿ ನೋಡಿದ್ದರಾ? ಯಶಸ್ವಿಯಾಗಿ ಓಡಿದ ಕ್ವೆರಿಗಳನ್ನು ಪೋಸ್ಟ್‌ಗ್ರೆಸ್ ತಾನಾಗಿ ಲಾಗ್‌ನಲ್ಲಿ ಬರೆಯುವುದಿಲ್ಲ. ಅದಕ್ಕೆ 'ಲಾಗ್ ಸ್ಟೇಟ್‌ಮೆಂಟ್' ಸೆಟ್ಟಿಂಗ್ ಬದಲಾಯಿಸಬೇಕು. ಬದಲಾಯಿಸಿದ್ದರೂ ಎಲ್ಲ ಕ್ವೆರಿಯೂ ಅದೇ ಸೂಪರ್‌ಯೂಸರ್ ಹೆಸರಿನಲ್ಲಿ, ಅದೇ ಸರ್ವರ್ ವಿಳಾಸದಿಂದ ಬಂದದ್ದು, ಕಳಿಸಿದ್ದು ಯಾರೆಂದು ಅದರಿಂದ ಗೊತ್ತಾಗುತ್ತಿರಲಿಲ್ಲ. ಗ್ರಾಹಕರಿಗೆ ಏನು ಹೇಳುವುದೆಂದು ನಮ್ಮ ಮ್ಯಾನೇಜರ್ ಇನ್ನೂ ಯೋಚಿಸುತ್ತಿದ್ದಾರೆ.