ಹಬೆಯಲ್ಲಿ ಬೇಯಿಸಿ ಅರೆಯುವ ಯಂತ್ರ: ತರಕಾರಿಗೆ ಸರಿ, ಮಗುವಿನ ಊಟಕ್ಕೆ ಸಾಲದು

ಆರು ತಿಂಗಳು ತುಂಬಿದ ಮಗುವಿಗೆ ಮನೆಯಲ್ಲೇ ಆಹಾರ ತಯಾರಿಸಲೆಂದು ಮಾರಾಟವಾಗುವ ಸಾಧನಗಳಲ್ಲಿ, ಹಬೆಯಲ್ಲಿ ಬೇಯಿಸಿ ಅದೇ ಜಾಡಿಯಲ್ಲಿ ಅರೆದುಕೊಡುವ ಯಂತ್ರಕ್ಕೆ ಈಗ ಹೆಚ್ಚಿನ ಪ್ರಚಾರವಿದೆ. ತೊಟ್ಟಿಗೆ ನೀರು ತುಂಬಿ, ಹೆಚ್ಚಿದ ತರಕಾರಿಯನ್ನೋ ಹಣ್ಣನ್ನೋ ಒಳಗಿಟ್ಟು ಗುಂಡಿ ಒತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಅದು ಬೇಯುತ್ತದೆ. ಬಳಿಕ ಬ್ಲೇಡು ತಿರುಗಿ ಬೆಣ್ಣೆಯಂತೆ ನುಣ್ಣಗಾಗುತ್ತದೆ. ನಾನು ಬಳಸಿರುವುದು ಒಂದು ಕಂಪನಿಯ ಯಂತ್ರವಾದರೂ ಈ ಬಗೆಯವೆಲ್ಲ ಬಹುಮಟ್ಟಿಗೆ ಒಂದೇ ರೀತಿ ಕೆಲಸ ಮಾಡುವುದರಿಂದ, ಹೆಸರನ್ನು ಬದಿಗಿಟ್ಟು ಆ ಬಗೆಯನ್ನೇ ಇಲ್ಲಿ ಪರಿಶೀಲಿಸಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ತಾನು ಮಾಡುವ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ, ಆದರೆ ಮಗುವಿಗೆ ಅತ್ಯಗತ್ಯವಾದ ಆಹಾರವನ್ನು ತಯಾರಿಸುವುದು ಅದರ ಕೈಲಾಗುವುದಿಲ್ಲ.

ಅದರ ಗುಣವನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ತರಕಾರಿಯನ್ನು ನೀರಿನಲ್ಲಿ ಮುಳುಗಿಸಿ ಕುದಿಸಿದಾಗ ನೀರಿನಲ್ಲಿ ಕರಗುವ ವಿಟಮಿನ್ ಸಿ ಮತ್ತು ಫೋಲೇಟ್‌ನಂಥ ಅಂಶಗಳು ಬಸಿದ ನೀರಿನೊಡನೆ ಹೋಗಿಬಿಡುತ್ತವೆ. ಹಬೆಯಲ್ಲಿ ಬೇಯಿಸಿದಾಗ ಆ ನಷ್ಟ ಕಡಿಮೆ. ಕ್ಯಾರಟ್, ಸಿಹಿಗುಂಬಳ, ಬಟಾಣಿ, ಸೇಬು ಇವೆಲ್ಲ ಬಣ್ಣ ಕೆಡದೆ ಸಮನಾಗಿ ಬೇಯುತ್ತವೆ. ತಳ ಹಿಡಿಯುವ ಭಯವಿಲ್ಲ, ಒಲೆಯ ಮುಂದೆ ನಿಂತು ಕಾಯಬೇಕಾಗಿಲ್ಲ, ಬೆಂದ ಮೇಲೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಅಳುವ ಮಗುವನ್ನು ಎತ್ತಿಕೊಂಡು ಒಂದೇ ಕೈಯಲ್ಲಿ ಅಡುಗೆ ಮಾಡುವವರಿಗೆ ಇದು ನಿಜವಾದ ಉಪಕಾರ. ಆದರೂ ಮುಚ್ಚಳವಿರುವ ಪಾತ್ರೆಯೊಳಗೆ ತೂತುಗಳಿರುವ ಒಂದು ತಟ್ಟೆಯನ್ನಿಟ್ಟರೆ ಬೇಯಿಸುವ ಕೆಲಸ ಇಷ್ಟೇ ಚೆನ್ನಾಗಿ ಆಗುತ್ತದೆ ಎಂಬುದನ್ನೂ ಇಲ್ಲಿ ಹೇಳಲೇಬೇಕು.

ಹಬೆಯಲ್ಲಿ ತರಕಾರಿ ಬೇಯುತ್ತದೆ. ನೀರು ಕುಡಿದು ಅರಳಬೇಕಾದ ಧಾನ್ಯ, ಬೇಳೆ, ಕಾಳುಗಳು ಬೇಯುವುದಿಲ್ಲ. ಯಂತ್ರದ ಮುಖ್ಯ ಕೊರತೆ ಇರುವುದು ಇಲ್ಲಿಯೇ. ಅವನ್ನು ಬೇರೆ ಪಾತ್ರೆಯಲ್ಲೋ ಕುಕ್ಕರಿನಲ್ಲೋ ಬೇಯಿಸಿ ತಂದರೆ ಯಂತ್ರ ಅರೆದುಕೊಡುತ್ತದೆ, ಅಷ್ಟೆ. ಹೀಗಾಗಿ ಯಂತ್ರವನ್ನು ನಂಬಿ ಅಡುಗೆ ಮಾಡುವ ಮನೆಗಳಲ್ಲಿ ಮಗುವಿನ ಬಟ್ಟಲು ದಿನವೂ ಹಣ್ಣು ತರಕಾರಿಗಳ ಪೇಸ್ಟಿನಿಂದಲೇ ತುಂಬುತ್ತದೆ. ಇದರಲ್ಲಿ ತಪ್ಪೇನು ಎಂದು ಕೇಳುವವರು ಲೆಕ್ಕವನ್ನು ಗಮನಿಸಬೇಕು. ಎದೆಹಾಲು ಕುಡಿಯುವ 6ರಿಂದ 8 ತಿಂಗಳ ಮಗುವಿಗೆ ಪೂರಕ ಆಹಾರದಿಂದ ದಿನಕ್ಕೆ ಸುಮಾರು 200 ಕಿಲೊಕ್ಯಾಲೊರಿ, 9ರಿಂದ 11 ತಿಂಗಳಲ್ಲಿ ಸುಮಾರು 300, ಒಂದು ವರ್ಷದ ನಂತರ ಸುಮಾರು 550 ಕಿಲೊಕ್ಯಾಲೊರಿ ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಅಂದಾಜಿಸುತ್ತದೆ. ಬೆಂದ ಕ್ಯಾರಟ್ 100 ಗ್ರಾಂನಲ್ಲಿ ಇರುವುದು ಸುಮಾರು 35 ಕಿಲೊಕ್ಯಾಲೊರಿ. ಬರೀ ಅದರಿಂದಲೇ 200ನ್ನು ಮುಟ್ಟಬೇಕಾದರೆ ಅರ್ಧ ಕಿಲೊಗೂ ಹೆಚ್ಚು ತಿನ್ನಿಸಬೇಕಾಗುತ್ತದೆ. ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ದೇಹದ ತೂಕದ ಪ್ರತಿ ಕಿಲೊಗೆ ಸುಮಾರು 30 ಗ್ರಾಂ. ಎಂಟು ಕಿಲೊ ತೂಗುವ ಮಗುವಿಗೆ ಹೆಚ್ಚೆಂದರೆ 240 ಗ್ರಾಂ. ಪ್ರತಿ ಹೊತ್ತೂ ಹೊಟ್ಟೆ ಬಿರಿಯುವಷ್ಟು ತರಕಾರಿ ತಿನ್ನಿಸಿದರೆ ಎದೆಹಾಲಿಗೆ ಜಾಗವೇ ಉಳಿಯುವುದಿಲ್ಲ. ಗಟ್ಟಿಯಾಗಿ ಬೇಯಿಸಿ ಕಿವುಚಿದ ಧಾನ್ಯ ಮತ್ತು ಬೇಳೆಯಲ್ಲಾದರೆ ಅಷ್ಟೇ ತೂಕಕ್ಕೆ ಇದರ ಎರಡು ಪಟ್ಟಿಗೂ ಮಿಕ್ಕ ಶಕ್ತಿಯಿರುತ್ತದೆ, ಮೇಲೆ ಒಂದು ಟೀ ಚಮಚ ಎಣ್ಣೆ ಬೆರೆಸಿದರೆ ಇನ್ನೂ 40 ಕಿಲೊಕ್ಯಾಲೊರಿ ಸೇರುತ್ತದೆ.

ಯಂತ್ರದಲ್ಲಿ ಅರೆಯುವಾಗ ಬ್ಲೇಡು ಸಲೀಸಾಗಿ ತಿರುಗಲೆಂದು ನೀರು ಸೇರಿಸಬೇಕಾಗುವುದು ಈ ತೊಂದರೆಯನ್ನು ಹೆಚ್ಚಿಸುತ್ತದೆ. ಚಮಚವನ್ನು ಓರೆಯಾಗಿಸಿದಾಗ ಆಹಾರ ಹರಿದು ಬೀಳದೆ ಅದರಲ್ಲೇ ನಿಲ್ಲುವಷ್ಟು ಗಟ್ಟಿಯಾಗಿರಬೇಕು ಎಂಬುದು ಆರೋಗ್ಯ ಕಾರ್ಯಕರ್ತರು ಹೇಳಿಕೊಡುವ ಸರಳ ಪರೀಕ್ಷೆ. ಯಂತ್ರದಿಂದ ಬಂದದ್ದು ಅನೇಕ ಸಲ ಈ ಪರೀಕ್ಷೆಯಲ್ಲಿ ಸೋಲುತ್ತದೆ. ತೆಳುವಾಗಿದ್ದರೆ ನುಂಗಲು ಸುಲಭ ಎಂದು ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಹಾಗೆ ಹೊಟ್ಟೆ ತುಂಬುವುದು ನೀರಿನಿಂದ.

ಕಬ್ಬಿಣಾಂಶದ ವಿಷಯ ಇದಕ್ಕಿಂತಲೂ ಮುಖ್ಯ. ಹುಟ್ಟುವಾಗ ಮಗು ದೇಹದಲ್ಲಿ ಕೂಡಿಟ್ಟುಕೊಂಡು ಬಂದ ಕಬ್ಬಿಣ ಆರು ತಿಂಗಳ ಸುಮಾರಿಗೆ ಬರಿದಾಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದು ತೀರಾ ಕಡಿಮೆ. ಆದ್ದರಿಂದ ಚೆನ್ನಾಗಿ ಬೆಂದ ಬೇಳೆಕಾಳು, ಮೊಟ್ಟೆ, ತಿನ್ನುವವರಾದರೆ ಮಾಂಸ ಮತ್ತು ಮೀನು ಮೊದಲ ತಿಂಗಳಿನಿಂದಲೇ ಬಟ್ಟಲಿಗೆ ಬರಬೇಕು. ಮಾಂಸದ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಬೇಳೆಕಾಳಿನದು ಚೆನ್ನಾಗಿ ಸೇರಬೇಕಾದರೆ ಜೊತೆಯಲ್ಲಿ ವಿಟಮಿನ್ ಸಿ ಇರುವ ಹಣ್ಣೋ ತರಕಾರಿಯೋ ಬೇಕು. ಯಂತ್ರ ಮಾಡಿಕೊಡುವ ಹಣ್ಣು ತರಕಾರಿಗೆ ಸರಿಯಾದ ಸ್ಥಾನ ಇದು, ಬೇಳೆಯ ಪಕ್ಕದಲ್ಲಿ. ಮಾಂಸವನ್ನು ಯಂತ್ರದಲ್ಲಿ ಬೇಯಿಸಿ ನೋಡಿದಾಗ ಬ್ಲೇಡು ನಾರನ್ನು ಪೂರ್ತಿ ಕತ್ತರಿಸಲಿಲ್ಲ. ಒಲೆಯ ಮೇಲೆ ಹೆಚ್ಚು ಹೊತ್ತು ಬೇಯಿಸಿ, ಸಣ್ಣಗೆ ಕೊಚ್ಚುವುದೇ ಲೇಸು.

ನುಣುಪು ಈ ಯಂತ್ರದ ಹೆಮ್ಮೆ. ಏಳನೆಯ ತಿಂಗಳು ಕಳೆದ ಮೇಲೆ ಅದೇ ದೋಷವಾಗುತ್ತದೆ. ಅಗಿಯುವುದು, ನಾಲಿಗೆಯಿಂದ ತುತ್ತನ್ನು ಬದಿಗೆ ಸರಿಸುವುದು, ಇವನ್ನು ಮಗು ಅಭ್ಯಾಸದಿಂದಲೇ ಕಲಿಯುತ್ತದೆ. ಮೊದಲು ಕಿವುಚಿದ ಆಹಾರ, ಎಂಟು ತಿಂಗಳ ಹೊತ್ತಿಗೆ ಕೈಯಲ್ಲಿ ಹಿಡಿದು ತಿನ್ನುವ ಮೆತ್ತನೆಯ ತುಂಡುಗಳು, ವರ್ಷ ತುಂಬುವಾಗ ಮನೆಮಂದಿ ತಿನ್ನುವ ಊಟವೇ ಎಂಬ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಇಂಗ್ಲೆಂಡಿನ ಏವನ್ ಪ್ರದೇಶದಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದಲ್ಲಿ, ಗಂಟುಗಂಟಾದ ಆಹಾರವನ್ನು ಒಂಬತ್ತು ತಿಂಗಳ ನಂತರ ಆರಂಭಿಸಿದ ಮಕ್ಕಳಲ್ಲಿ ಊಟದ ತಕರಾರುಗಳು ಏಳನೆಯ ವಯಸ್ಸಿನಲ್ಲೂ ಹೆಚ್ಚಾಗಿ ಕಂಡುಬಂದವು. ಯಂತ್ರದಲ್ಲಿ ಕ್ಷಣಮಾತ್ರ ಗುಂಡಿ ಒತ್ತಿ ಬಿಡುವ ಅವಕಾಶವಿದ್ದರೂ ಒಂದು ಕಡೆ ಪೇಸ್ಟು, ಇನ್ನೊಂದು ಕಡೆ ದೊಡ್ಡ ತುಂಡು ಎಂಬಂತಾಗುತ್ತದೆ. ಗಂಟಲಿನ ದೃಷ್ಟಿಯಿಂದ ಈ ಮಿಶ್ರಣ ಒಳ್ಳೆಯದಲ್ಲ. ಒಂದು ಮುಳ್ಳುಚಮಚ ಇದಕ್ಕಿಂತ ನಂಬಿಕೆಗೆ ಯೋಗ್ಯ, ಏಕೆಂದರೆ ಎಷ್ಟು ಕಿವುಚಬೇಕೆಂಬುದು ನಮ್ಮ ಕೈಗೆ ತಿಳಿಯುತ್ತದೆ. ಕೈಗೆ ಕೊಡುವ ತುಂಡು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿದರೆ ಅಪ್ಪಚ್ಚಿಯಾಗಬೇಕು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿಸಬೇಕು. ಹಸಿ ಕ್ಯಾರಟ್ ಮತ್ತು ಇಡೀ ಬೀಜಗಳನ್ನು ಕೊಡಲೇಬಾರದು. ಮಗು ಯಾವಾಗಲೂ ನೆಟ್ಟಗೆ ಕುಳಿತು, ದೊಡ್ಡವರೊಬ್ಬರ ಕಣ್ಣೆದುರಿನಲ್ಲೇ ತಿನ್ನಬೇಕು. ಹೊಸದರಲ್ಲಿ ಓಕರಿಸಿ ಕೆಮ್ಮುವುದು ಸಹಜ. ಉಸಿರುಗಟ್ಟಿದಾಗ ಮಾತ್ರ ಸದ್ದು ಹೊರಡದೆ ಹೋಗಬಹುದು. ಈ ವ್ಯತ್ಯಾಸವನ್ನೂ ಪ್ರಥಮ ಚಿಕಿತ್ಸೆಯನ್ನೂ ಮೊದಲ ತುತ್ತಿಗೆ ಮುನ್ನವೇ ಕಲಿತಿರಬೇಕು.

ಸ್ವಚ್ಛತೆಯ ವಿಷಯದಲ್ಲಿ ನನ್ನ ಅಸಮಾಧಾನ ಹೆಚ್ಚಿನದು. ಬ್ಲೇಡಿನ ಬುಡದಲ್ಲಿರುವ ರಬ್ಬರ್ ಬಳೆಯ ಸಂದಿಯಲ್ಲಿ ಆಹಾರ ಸಿಕ್ಕಿಕೊಂಡು ಉಳಿಯುತ್ತದೆ. ಬಳೆಯನ್ನು ಬಿಡಿಸಿ ತೊಳೆದರೆ ಮಾತ್ರ ಅದು ಕಾಣುತ್ತದೆ, ಮತ್ತು ಅದನ್ನು ಬಿಡಿಸಬೇಕೆಂದು ಕೈಪಿಡಿ ಸ್ಪಷ್ಟವಾಗಿ ಹೇಳಿಲ್ಲ. ನೀರಿನ ತೊಟ್ಟಿಯಲ್ಲಿ ಗಡಸು ನೀರಿನ ಬಿಳಿ ಪದರ ಕಟ್ಟುತ್ತದೆ. ಅದಕ್ಕೆ ಆಗಾಗ ವಿನೆಗರ್ ಬೆರೆಸಿದ ನೀರು ಬೇಕು. ಮೊದಲೇ ಹೊತ್ತು ನಿಗದಿಪಡಿಸಿ ಹಸಿ ಪದಾರ್ಥವನ್ನು ರಾತ್ರಿಯಿಡೀ ಯಂತ್ರದೊಳಗೆ ಬಿಡುವ ಸೌಲಭ್ಯವನ್ನು ಯಾರೂ ಬಳಸಬಾರದೆಂದು ನನ್ನ ಬಿನ್ನಹ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖದಲ್ಲಿ ರೋಗಾಣುಗಳು ವೇಗವಾಗಿ ಹೆಚ್ಚುತ್ತವೆ. ಬೇಯಿಸಿದ ಆಹಾರವಾದರೂ ಎರಡು ಗಂಟೆಗಿಂತ ಹೆಚ್ಚು ಹೊರಗೆ ಉಳಿಯಬಾರದು. ಫ್ರಿಜ್ಜಿನಿಂದ ತೆಗೆದದ್ದನ್ನು ಎಲ್ಲ ಕಡೆಯೂ 70 ಡಿಗ್ರಿ ಮೀರುವಂತೆ, ಹಬೆಯಾಡುವಷ್ಟು ಕಾಯಿಸಿ, ಆರಿಸಿ ಕೊಡಬೇಕು. ಮಗುವಿನ ಎಂಜಲು ಚಮಚ ಮುಟ್ಟಿದ ಬಟ್ಟಲಿನಲ್ಲಿ ಉಳಿದದ್ದನ್ನು ಎಷ್ಟೇ ಇದ್ದರೂ ಚೆಲ್ಲಬೇಕು. ಅದಕ್ಕಾಗಿಯೇ ಸ್ವಲ್ಪಸ್ವಲ್ಪವೇ ಬಡಿಸುವುದು ಒಳ್ಳೆಯದು.

ಒಮ್ಮೆಗೇ ವಾರಕ್ಕಾಗುವಷ್ಟು ಅರೆದಿಡಿ ಎಂದು ಜಾಹೀರಾತು ಹುರಿದುಂಬಿಸುತ್ತದೆ. ಪಾಲಕ್, ಬೀಟ್‌ರೂಟ್‌ನಂಥವುಗಳಲ್ಲಿ ಸಹಜವಾಗಿಯೇ ನೈಟ್ರೇಟ್ ಹೆಚ್ಚು, ಅರೆದಿಟ್ಟಷ್ಟು ಹೊತ್ತು ಅದು ನೈಟ್ರೈಟ್ ಆಗಿ ಬದಲಾಗಬಹುದು, ಮತ್ತು ನೈಟ್ರೈಟ್ ಎಳೆಯ ಮಕ್ಕಳ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತದೆ. ಇಂಥ ತರಕಾರಿಯನ್ನು ಅಂದಂದಿಗೆ ಮಾಡಿ ಮುಗಿಸುವುದು ಅಥವಾ ಮಾಡಿದ ಕೂಡಲೇ ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸುವುದು ಸರಿ. ಬೇಯುವಾಗ ತರಕಾರಿಯಿಂದ ಇಳಿದ ಬಣ್ಣದ ನೀರನ್ನು ಇವುಗಳ ಪೇಸ್ಟಿಗೆ ಮರಳಿ ಬೆರೆಸಬಾರದು.

ಯಂತ್ರದೊಡನೆ ಬರುವ ಪಾಕಪುಸ್ತಿಕೆಯನ್ನು ಕುರುಡಾಗಿ ಪಾಲಿಸಬೇಡಿ. ನನಗೆ ಸಿಕ್ಕದ್ದು ನಾಲ್ಕನೆಯ ತಿಂಗಳಿನಿಂದಲೇ ಆರಂಭವಾಗುತ್ತದೆ, ಆದರೆ ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವರ್ಷ ತುಂಬುವವರೆಗೆ ಜೇನುತುಪ್ಪ ನಿಷಿದ್ಧ ಎಂಬ ಒಂದು ಸಾಲು ಅದರಲ್ಲಿಲ್ಲ. ಬಾಟುಲಿಸಂ ಎಂಬ ಗಂಭೀರ ಕಾಯಿಲೆಯನ್ನು ತರುವ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲವಾದ್ದರಿಂದ ಅಡುಗೆಗೆ ಬೆರೆಸಿದ ಜೇನೂ ಅಪಾಯಕಾರಿ. ಉಪ್ಪು, ಸಕ್ಕರೆ ಬೇಡವೆಂಬ ಮಾತನ್ನು ಮಾತ್ರ ಸರಿಯಾಗಿಯೇ ಬರೆದಿದೆ. ಮೊಟ್ಟೆ, ಕಡಲೆಕಾಯಿಗಳನ್ನು ವರ್ಷವಾಗುವವರೆಗೆ ತಡೆಯಿರಿ ಎಂಬ ಅದರ ಸಲಹೆ ಹಳೆಯದು: 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ಅಲರ್ಜಿಯ ಸಂಭವ ಹೆಚ್ಚಿದ್ದ 640 ಶಿಶುಗಳ ಪೈಕಿ ಕಡಲೆಕಾಯಿಯನ್ನು ಬೇಗನೆ ತಿನ್ನತೊಡಗಿದವರಲ್ಲಿ ಐದನೆಯ ವಯಸ್ಸಿನ ಹೊತ್ತಿಗೆ ಆ ಅಲರ್ಜಿ ಬಹಳ ಕಡಿಮೆಯಾಗಿತ್ತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇರುವ ಮಗುವಿಗೆ ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಉಳಿದವರಿಗೆ ಚೆನ್ನಾಗಿ ಬೆಂದ ಮೊಟ್ಟೆಯನ್ನು, ತೆಳುವಾಗಿ ಕದಡಿದ ಕಡಲೆಕಾಯಿ ಪೇಸ್ಟನ್ನು ಒಂದೊಂದಾಗಿ, ನಡುವೆ ಕೆಲವು ದಿನಗಳ ಅಂತರವಿಟ್ಟು ಕೊಡಬಹುದು.

ಅವಳಿ ಮಕ್ಕಳಿರುವ ಮನೆಗೆ, ಕೈಯಲ್ಲಿ ಬಲವಿಲ್ಲದ ಅಜ್ಜಿಯರು ಮಗುವನ್ನು ನೋಡಿಕೊಳ್ಳುವ ಮನೆಗೆ ಈ ಯಂತ್ರ ನೆರವಾಗಬಹುದು, ಧಾನ್ಯ ಬೇಳೆಗಳ ಅಡುಗೆ ಪ್ರತ್ಯೇಕವಾಗಿ ನಡೆಯುವುದಾದರೆ. ಒಂದು ಪಾತ್ರೆ, ಮಿಕ್ಸಿಯ ಚಿಕ್ಕ ಜಾರು ಮತ್ತು ಮುಳ್ಳುಚಮಚ ಇರುವವರಿಗೆ ಅಗತ್ಯವಿಲ್ಲ. ಕೊಳ್ಳುವವರು ಅಂಗಡಿಯಲ್ಲೇ ಬ್ಲೇಡನ್ನೂ ರಬ್ಬರ್ ಬಳೆಯನ್ನೂ ಬಿಡಿಸಿ ಕೂರಿಸಿ ನೋಡಬೇಕು, ತೊಟ್ಟಿಯೊಳಗೆ ಕೈ ಹೋಗುತ್ತದೆಯೇ ಎಂದು ಪರೀಕ್ಷಿಸಬೇಕು, ಹಬೆ ತಾಗುವ ಜಾಡಿ ಗಾಜಿನದೋ ಸ್ಟೀಲಿನದೋ ಆಗಿದ್ದರೆ ಪ್ಲಾಸ್ಟಿಕ್ಕಿಗಿಂತ ಅದನ್ನೇ ಆರಿಸಬೇಕು.