ಕತಾರ್ ಡಿಜಿಟಲ್ ಲೈಬ್ರರಿ: ಕೊಲ್ಲಿಯ ಕಡತಗಳು ಪುಕ್ಕಟೆ

ಅರಬ್ ಕರಾವಳಿಗಾಗಿ ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ ನಡೆಸಿದ ಮೇಲಾಟವನ್ನು ಮೂಲ ಕಾಗದದಲ್ಲೇ ಓದಬೇಕೆನ್ನುವವರಿಗೆ ಈ ತಾಣ ಒಳ್ಳೆಯ ಬಾಗಿಲು. 2014ರಲ್ಲಿ ಶುರುವಾಯಿತು, ದುಡ್ಡು ಕೊಡಬೇಕಿಲ್ಲ. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಲಂಡನ್ನಿನಿಂದ ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಲಾಖೆ) ದಾಖಲೆಗಳೇ ಇದರ ಬಂಡವಾಳ.

ಹುಡುಕುವಾಗ ಎಡವುವುದು ಕಾಗುಣಿತದಲ್ಲಿ. ಕುವೈತ್ ಅಂದಿನ ಗುಮಾಸ್ತರ ಕೈಯಲ್ಲಿ 'ಕೊವೈಟ್' ಆಗಿರುತ್ತದೆ. ಎರಡೂ ರೂಪ ಹಾಕಿ ನೋಡಿ. ಅಕ್ಷರ ಗುರುತಿಸುವುದು ಯಂತ್ರ, ಹಾಗಾಗಿ ಅಚ್ಚಾದ ಪುಟದಲ್ಲೂ ತಪ್ಪು ನುಸುಳುತ್ತದೆ; ಕೈಬರಹಕ್ಕಂತೂ ಅದನ್ನು ನೆಚ್ಚಬೇಡಿ. ಬದಲಿಗೆ ಕಡತದ ಸಂಖ್ಯೆ ಹಿಡಿಯಿರಿ: 'ಐಓಆರ್/ಆರ್/15/1' (IOR/R/15/1) ಎಂದರೆ ಇರಾನಿನ ಬುಶೇರ್ ಬಂದರಿನಲ್ಲಿದ್ದ ಬ್ರಿಟಿಷ್ ರಾಜಕೀಯ ಕಚೇರಿಯಾದ ಬುಶೇರ್ ರೆಸಿಡೆನ್ಸಿ, '15/2' ಅದರ ಕೆಳಗಿನ ಬಹರೇನ್ ಏಜೆನ್ಸಿ. ಅಂಚಿನ ಷರಾಗಳನ್ನು ಬಿಡಬೇಡಿ, ನಿಜವಾದ ಜಗಳ ಅಲ್ಲೇ ಇರುತ್ತದೆ.

ಆರಂಭಕ್ಕೆ ಮಸ್ಕತ್ ಹಡಗುಗಳ ವಿವಾದ ಚೆನ್ನ. ಒಮಾನಿನ ಸೂರ್ ಬಂದರಿನ ಧೋ (ಅರಬ್ ಹಾಯಿಹಡಗು) ಮಾಲೀಕರು ಫ್ರೆಂಚ್ ಬಾವುಟ ಹಾರಿಸಿದರೆ ಬ್ರಿಟಿಷ್ ನೌಕೆಗಳು ತಪಾಸಣೆ ಮಾಡುವಂತಿರಲಿಲ್ಲ. 1905ರಲ್ಲಿ ಹೇಗ್ ನ್ಯಾಯಮಂಡಳಿ 1892ರ ಜನವರಿ 2ನ್ನು ಗಡಿ ದಿನಾಂಕವಾಗಿಟ್ಟು, ಆಮೇಲೆ ಫ್ರೆಂಚ್ ಬಾವುಟ ಕೊಡುವುದನ್ನು ಬಿಗಿಗೊಳಿಸಿತು. ಅದಾದ ಮೇಲೆ ಓದಬೇಕಾದದ್ದು 1899ರ ಕುವೈತ್ ಒಪ್ಪಂದ: 15,000 ರೂಪಾಯಿಗೆ ಅಲ್ಲಿನ ದೊರೆ ಶೇಖ್ ಮುಬಾರಕ್, ಬ್ರಿಟಿಷರ ಒಪ್ಪಿಗೆಯಿಲ್ಲದೆ ಬೇರೆಯವರಿಗೆ ನೆಲ ಕೊಡುವುದಿಲ್ಲವೆಂದು ಬರೆದುಕೊಟ್ಟರು.

ದೊಡ್ಡ ಕೊರತೆಯೆಂದರೆ ಇದು ಬಹುಪಾಲು ಒಂದೇ ಪಕ್ಷದ ವಕಾಲತ್ತು. ಫ್ರೆಂಚರ ಮಾತಿಗೆ ಫ್ರಾನ್ಸಿನ ಲಾ ಕೂರ್ನವ್, ನಾಂತ್‌ನಲ್ಲಿರುವ ವಿದೇಶಾಂಗ ಇಲಾಖೆಯ ದಾಖಲೆಗಾರಗಳೇ ಗತಿ. ಸಿರಿಯಾ, ಲೆಬನಾನ್ ವಿಷಯಕ್ಕೂ ಇಲ್ಲಿ ಹೆಚ್ಚು ಸಿಗದು.