ಆರು ಜನರ ಅಂಗಡಿಗೆ ಒಂದು ಕ್ಯಾಲೆಂಡರ್: ಮೂರನ್ನು ಹಾಕಿ ನೋಡಿದೆ

ನಮ್ಮದು ತೀರ್ಥಹಳ್ಳಿಯಲ್ಲಿ ಯುಪಿಎಸ್, ಪಂಪ್‌ಸೆಟ್ ರಿಪೇರಿ ಅಂಗಡಿ. ಯಾರು ಯಾವತ್ತು ಯಾರ ಮನೆಗೆ ಹೋಗಬೇಕು ಅನ್ನೋದು ವಾಟ್ಸಾಪ್ ಗ್ರೂಪಿನಲ್ಲಿ ಶುಭೋದಯದ ಹೂಗಳ ಮಧ್ಯೆ ಮುಳುಗಿಹೋಗುತ್ತಿತ್ತು. ಒಮ್ಮೆ ಒಂದೇ ಪಂಪಿಗೆ ಇಬ್ಬರು ಆಗುಂಬೆ ಕಡೆ ಹೋಗಿ, ತೋಟದವರ ಮನೆಯಲ್ಲಿ ಒಟ್ಟಿಗೆ ಕಾಫಿ ಕುಡಿದು ಬಂದರು. ಅತ್ತ ಕೊಪ್ಪದ ಗಿರಾಕಿ ಸಂಜೆವರೆಗೂ ಕಾದರು. ಮೂಲೆಯಲ್ಲಿ ಬಿದ್ದಿದ್ದ 1 ಜಿಬಿ ರ‍್ಯಾಮಿನ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರನ್ನು ಅವತ್ತೇ ಹೊರಗೆ ತೆಗೆದೆ. ಎಲ್ಲರ ಫೋನಿಗೂ ಒಂದೇ ಕ್ಯಾಲೆಂಡರ್ ಕೊಡುವ ಮೂರು ಸಾಫ್ಟ್‌ವೇರ್ ಅದರಲ್ಲಿ ಹಾಕಿ ನೋಡಿದೆ.

ಮೊದಲು ನೆಕ್ಸ್ಟ್‌ಕ್ಲೌಡ್. ಹಂಚಿಕೊಳ್ಳೋದಕ್ಕೆ ಇದರಷ್ಟು ಸಲೀಸು ಇನ್ನೊಂದಿಲ್ಲ. ಹೆಸರು ಸೇರಿಸಿ, ತಿದ್ದಬಹುದಾ, ಬರೀ ನೋಡಬಹುದಾ ಅಂತ ಟಿಕ್ ಹಾಕಿದರೆ ಆಯ್ತು, ಬ್ರೌಸರಿನಲ್ಲೂ ಕಾಣುತ್ತದೆ. ಆದರೆ ಕ್ಯಾಲೆಂಡರ್ ಕೇಳಿದರೆ ಫೈಲು, ಫೋಟೋ ಅಂತ ಇಡೀ ಸಂಸಾರವೇ ಬರುತ್ತದೆ. ನಮ್ಮ ಪೈ ಏದುಸಿರು ಬಿಟ್ಟಿತು. ಒಳ್ಳೆ ಸರ್ವರ್ ಇದ್ದವರು ಕಣ್ಣುಮುಚ್ಚಿ ಇದನ್ನೇ ಹಾಕಿಕೊಳ್ಳಿ.

ಬೈಕಾಲ್ ಹಗುರ. ಪಿಎಚ್‌ಪಿ, ಎಸ್‌ಕ್ಯೂಲೈಟ್ ಅನ್ನೋ ಸಣ್ಣ ಡೇಟಾಬೇಸ್ ಇದ್ದರೆ ಸಾಕು. ಹಂಚುವ ಬಟನ್ ಮಾತ್ರ ಅಡ್ಮಿನ್ ಪುಟದಲ್ಲಿ ನನಗೆ ಸಿಗಲಿಲ್ಲ.

ಕೊನೆಗೆ ನಿಂತಿದ್ದು ರಾಡಿಕೇಲ್. ಪೈಥಾನಿನಲ್ಲಿ ಬರೆದದ್ದು, ಫೋನುಗಳು ಇದನ್ನು ತಲುಪುವ ನೆಟ್‌ವರ್ಕ್ ಬಾಗಿಲು ಪೋರ್ಟ್ 5232, ಡೇಟಾಬೇಸ್ ಬೇಡ. ಒಂದೊಂದು ಕೆಲಸವೂ ಫೋಲ್ಡರಿನಲ್ಲಿ ಒಂದೊಂದು ಐಸಿಎಸ್ (ಕ್ಯಾಲೆಂಡರ್) ಫೈಲ್, ಹಾಗಾಗಿ ಬ್ಯಾಕಪ್ ಅಂದರೆ ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಕಾಪಿ ಮಾಡೋದು, ಅಷ್ಟೇ. ಇದರ ಬೆಲೆ ಗೊತ್ತಾಗಿದ್ದು ಜುಲೈ ಮಳೆಯಲ್ಲಿ. ಕರೆಂಟ್ ಹೋಯಿತು, ಪೈ ಆಫ್ ಆಯಿತು, ಮೆಮೊರಿ ಕಾರ್ಡ್ ಕೆಟ್ಟಿತು. ಊರಿಗೆಲ್ಲ ಯುಪಿಎಸ್ ಹಾಕುವ ನಮ್ಮದೇ ಅಂಗಡಿಯ ಬ್ಯಾಟರಿ ಸತ್ತು ತಿಂಗಳಾಗಿತ್ತು, ದೀಪದ ಬುಡ ಕತ್ತಲೆ ಅಂತಾರಲ್ಲ ಹಾಗೆ. ಹೊಸ ಕಾರ್ಡಿಗೆ ಫೋಲ್ಡರ್ ವಾಪಸ್ ಹಾಕಿದೆ, ಒಂದು ಗಂಟೆಯಲ್ಲಿ ಎಲ್ಲಾ ಮೊದಲಿನಂತೆ.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಟ್ಟು ಹಂಚೋದಕ್ಕೆ ತಲೆ ಕೆಡಿಸಿಕೊಂಡು, ಕೊನೆಗೆ ಆರೂ ಜನಕ್ಕೆ ಒಂದೇ ಲಾಗಿನ್ ಕೊಟ್ಟೆ. ಯಾರು ತಿದ್ದಿದರು ಅಂತ ಗೊತ್ತಾಗಲ್ಲ, ಅದಕ್ಕೇ ಕೆಲಸದ ಮುಂದೆ ಅವರವರ ಹೆಸರಿನ ಮೊದಲ ಅಕ್ಷರ ಬರೆಯಬೇಕು.

ಮೂರೂ ಫೋನಿನ ಜೊತೆ ಮಾತಾಡೋದು ಕ್ಯಾಲೆಂಡರ್ ಹಂಚಿಕೊಳ್ಳೋ ಕ್ಯಾಲ್‌ಡ್ಯಾವ್ ಭಾಷೆಯನ್ನೇ. ಐಫೋನಿಗೆ ಅದು ಗೊತ್ತು. ಆಂಡ್ರಾಯ್ಡಿಗೆ ಡ್ಯಾವ್‌ಎಕ್ಸ್5 ಅನ್ನೋ ಆಪ್ ಬೇಕು, ಪ್ಲೇ ಸ್ಟೋರಿನಲ್ಲಿ ದುಡ್ಡು, ಎಫ್-ಡ್ರಾಯ್ಡ್ ಅನ್ನೋ ಇನ್ನೊಂದು ಆಪ್ ಸ್ಟೋರಿನಲ್ಲಿ ಬಿಟ್ಟಿ. ಪೈ ಅನ್ನು ನಾನು ಇಂಟರ್ನೆಟ್ಟಿಗೆ ತೆರೆದಿಲ್ಲ, ಅಂಗಡಿಯ ವೈಫೈಯಲ್ಲಷ್ಟೇ ಸಿಗುತ್ತದೆ. ಬೆಳಿಗ್ಗೆ ಬಂದಾಗ ಫೋನಿಗೆ ಪ್ರತಿ ಇಳಿಯುತ್ತದೆ, ಆಮೇಲೆ ಟವರ್ ಇಲ್ಲದ ಕಾಡಿನ ಮನೆಯಲ್ಲೂ ಆ ದಿನದ ಪಟ್ಟಿ ಕೈಯಲ್ಲೇ ಇರುತ್ತದೆ. ಮಧ್ಯಾಹ್ನ ಹೊಸ ಕೆಲಸ ಬಂದರೆ ಮಾತ್ರ ಫೋನ್ ಮಾಡಿಯೇ ಹೇಳಬೇಕು, ಸಿಗ್ನಲ್ ಸಿಕ್ಕರೆ.